ಉದ್ಯೋಗದಲ್ಲಿ ತಾರತಮ್ಯ: ಯುರೋಪಿನಲ್ಲೊಂದು ಸಂಶೋಧನಾ ಜಾಲ ಕಟ್ಟಿದ ಬಗೆ

ಯುರೋಪಿನ ಕೆಲಸದ ಸ್ಥಳಗಳಲ್ಲಿ ನಡೆಯುವ ತಾರತಮ್ಯವನ್ನು ಹಲವು ದೇಶಗಳ ಸಂಶೋಧಕರು ಒಟ್ಟಾಗಿ ಅಧ್ಯಯನ ಮಾಡಲು ಒಂದು ಜಾಲ ಬೇಕೆಂದು ನಾವು ಸಲ್ಲಿಸಿದ್ದ ಪ್ರಸ್ತಾವಕ್ಕೆ ಈ ವರ್ಷ ಮಂಜೂರಾತಿ ದೊರೆಯಿತು. ಸುದ್ದಿ ತಿಳಿದ ಮೇಲೆ ಧಾರವಾಡ, ಮೈಸೂರು, ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿರುವ ಗೆಳೆಯರಿಂದಲೂ, ಜರ್ಮನಿ ಮತ್ತು ಬೆಲ್ಜಿಯಂಗಳಲ್ಲಿ ಪಿಎಚ್‌ಡಿ ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರಿಂದಲೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗಿದವು. ಎಲ್ಲಿಂದ ಶುರು ಮಾಡಬೇಕು, ಹಣ ಯಾರು ಕೊಡುತ್ತಾರೆ, ತಾತ್ಕಾಲಿಕ ನೌಕರಿಯಲ್ಲಿರುವವರು ಮುಂದಾಳುಗಳಾಗಬಹುದೇ, ಭಾರತದ ಸಂಸ್ಥೆಗಳಿಗೆ ಇದರಲ್ಲಿ ಜಾಗವಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು ನಡೆದದ್ದನ್ನು ನಡೆದ ಕ್ರಮದಲ್ಲೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ನೆದರ್ಲೆಂಡ್ಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಅವಧಿ ಕರಾರಿನ ಮೇಲೆ ಕೆಲಸ ಮಾಡುತ್ತಿರುವ ಸಮಾಜಶಾಸ್ತ್ರದ ಸಂಶೋಧಕಿ. ಯುರೋಪಿನಲ್ಲಿ ಹಲವು ದೇಶಗಳ ಜಂಟಿ ಸಂಶೋಧನೆ ಎಂದ ಕೂಡಲೇ ಎಲ್ಲರ ಬಾಯಿಗೆ ಬರುವ ಹೆಸರು ಹೊರೈಝನ್ ಯುರೋಪ್. ಸಂಶೋಧನೆಗೆ ಹಣ ಕೊಡುವ ಯುರೋಪಿಯನ್ ಒಕ್ಕೂಟದ, 2021ರಿಂದ 2027ರವರೆಗಿನ ಈ ಯೋಜನೆಯಲ್ಲಿ ಹಣ ದೊಡ್ಡದು, ಸಂಶೋಧಕರಿಗೆ ಸಂಬಳ ಕೊಡಬಹುದು, ಮೂರು ದೇಶಗಳ ಮೂರು ಸ್ವತಂತ್ರ ಸಂಸ್ಥೆಗಳಿದ್ದರೆ ಸಾಮಾನ್ಯವಾಗಿ ಅರ್ಜಿ ಹಾಕಬಹುದು. ಆದರೆ ನಮ್ಮಂಥ ವಿಷಯಗಳಲ್ಲಿ ಏನನ್ನು ಅಧ್ಯಯನ ಮಾಡಬೇಕೆಂಬುದನ್ನು ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗವೇ ತನ್ನ ಪ್ರಕಟಣೆಯಲ್ಲಿ ಬಹುಮಟ್ಟಿಗೆ ನಿಗದಿ ಮಾಡಿರುತ್ತದೆ. ಪಾಲುದಾರ ವಿಶ್ವವಿದ್ಯಾಲಯಗಳು ಲಿಂಗ ಸಮಾನತಾ ಯೋಜನೆಯನ್ನು ಪ್ರಕಟಿಸಿರಬೇಕೆಂಬ ಷರತ್ತೂ ಇದೆ. ಅದಕ್ಕಿಂತ ಮುಖ್ಯವಾಗಿ, ಹಣದ ಹೊಣೆ ಪೂರ್ತಿ ಸಂಸ್ಥೆಯ ಮೇಲೆ ಬೀಳುವುದರಿಂದ, ಮುಂದಿನ ವರ್ಷ ಕರಾರು ಮುಗಿಯುವ ಒಬ್ಬರನ್ನು ಅಂಥ ಯೋಜನೆಯ ತಲೆಗೆ ಕೂರಿಸಲು ಯಾವ ವಿಭಾಗವೂ ಸುಲಭವಾಗಿ ಒಪ್ಪುವುದಿಲ್ಲ. ಇದನ್ನೆಲ್ಲ ಕೇಳಿದ ನಮ್ಮ ವಿಭಾಗದ ಅನುದಾನ ಸಲಹೆಗಾರರು, ಮೊದಲು ಜಾಲ ಕಟ್ಟಿ, ದೊಡ್ಡ ಹಣದ ಮಾತು ಆಮೇಲೆ ನೋಡೋಣ ಎಂದು ಕಾಸ್ಟ್ ಸಂಸ್ಥೆಯ ಕಡೆಗೆ ಬೆರಳು ತೋರಿಸಿದರು.

ಕಾಸ್ಟ್ 1971ರಿಂದ ನಡೆಯುತ್ತಿರುವ, ಬ್ರಸೆಲ್ಸ್‌ನಲ್ಲಿ ಕಚೇರಿ ಇರುವ ವೈಜ್ಞಾನಿಕ ಸಹಕಾರ ವ್ಯವಸ್ಥೆ. ಇದು ಸಂಶೋಧನೆಗೆ ಹಣ ಕೊಡುವುದಿಲ್ಲ, ಸಂಬಳವನ್ನೂ ಕೊಡುವುದಿಲ್ಲ. ಸಂಶೋಧಕರು ಒಂದೆಡೆ ಸೇರುವುದಕ್ಕೆ, ತರಬೇತಿ ಶಿಬಿರಗಳಿಗೆ, ಒಬ್ಬರು ಇನ್ನೊಬ್ಬರ ಸಂಸ್ಥೆಗೆ ಹೋಗಿ ಕೆಲವು ವಾರ ಕೆಲಸ ಮಾಡುವುದಕ್ಕೆ ನಾಲ್ಕು ವರ್ಷಗಳ ಕಾಲ ಹಣ ಕೊಡುತ್ತದೆ. ಪ್ರಸ್ತಾವದ ಮುಂದಾಳು ಪ್ರಾಧ್ಯಾಪಕರೇ ಆಗಿರಬೇಕೆಂಬ ನಿಯಮವಿಲ್ಲ. ಇಷ್ಟು ಹಣಕ್ಕೆ ಇಷ್ಟೆಲ್ಲ ಓಡಾಟ ಯಾಕೆ ಎಂದು ಕೇಳಿದವರಿದ್ದಾರೆ. ನನ್ನ ಮಟ್ಟಿಗೆ, ವಿಷಯವನ್ನು ನಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವೊಂದೇ ಆ ಓಡಾಟಕ್ಕೆ ಸಾಕಷ್ಟು ಕಾರಣವಾಗಿತ್ತು.

ವಿಷಯ ಹೊಳೆದದ್ದು ಅರ್ಜಿ ಪ್ರಯೋಗಗಳಿಂದ. ವಿದ್ಯಾಭ್ಯಾಸ, ಅನುಭವ ಎಲ್ಲ ಒಂದೇ ಆಗಿದ್ದು ಹೆಸರು ಮಾತ್ರ ಬೇರೆಯಾಗಿರುವ ಕಾಲ್ಪನಿಕ ಅರ್ಜಿಗಳನ್ನು ನಿಜವಾದ ಹುದ್ದೆಗಳಿಗೆ ಕಳಿಸಿ ಯಾರಿಗೆ ಸಂದರ್ಶನದ ಕರೆ ಬರುತ್ತದೆಂದು ನೋಡುವ ವಿಧಾನ ಇದು. ಜೆಮ್ ಎಂಬ ಯೋಜನೆ ಕೆಲವು ವರ್ಷಗಳ ಹಿಂದೆ ಜರ್ಮನಿ, ನೆದರ್ಲೆಂಡ್ಸ್, ನಾರ್ವೆ, ಸ್ಪೇನ್ ಮತ್ತು ಬ್ರಿಟನ್‌ಗಳಲ್ಲಿ ಒಂದೇ ಮಾದರಿಯ ಪ್ರಯೋಗವನ್ನು ಏಕಕಾಲದಲ್ಲಿ ನಡೆಸಿತ್ತು. ಆ ಪಟ್ಟಿಯಲ್ಲಿ ಪೂರ್ವ ಯುರೋಪಿನ ಒಂದು ದೇಶವೂ ಇಲ್ಲ. ಜೊತೆಗೆ, ಈ ಪ್ರಯೋಗಗಳು ಕಚೇರಿಯ ಬಾಗಿಲ ತನಕ ಮಾತ್ರ ಹೋಗುತ್ತವೆ. ಒಳಗೆ ಹೋದ ಮೇಲೆ ಬಡ್ತಿ ಯಾರಿಗೆ ಸಿಗುತ್ತದೆ, ರಾತ್ರಿ ಪಾಳಿ ಯಾರ ಪಾಲಿಗೆ ಬರುತ್ತದೆ, ದೂರು ಕೊಟ್ಟವರು ಆಮೇಲೆ ಏನಾಗುತ್ತಾರೆ ಎಂಬುದನ್ನು ಅವು ಹೇಳಲಾರವು. ಕಾನೂನು ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇದೆ. ಒಕ್ಕೂಟದ ಸದಸ್ಯ ದೇಶಗಳು ತಮ್ಮ ಕಾನೂನಿಗೆ ತರಲೇಬೇಕಾದ ನಿಯಮಗಳಿಗೆ ನಿರ್ದೇಶನಗಳೆಂದು ಹೆಸರು; 2000ದಲ್ಲಿ ಬಂದ ಅಂಥ ಎರಡು ಯುರೋಪಿಯನ್ ನಿರ್ದೇಶನಗಳಲ್ಲಿ ಒಂದು ಜನಾಂಗ ಮತ್ತು ಜನಾಂಗೀಯ ಮೂಲದ ಆಧಾರದ ತಾರತಮ್ಯವನ್ನು, ಇನ್ನೊಂದು ಧರ್ಮ, ಅಂಗವೈಕಲ್ಯ, ವಯಸ್ಸು, ಲೈಂಗಿಕ ಒಲವುಗಳ ಆಧಾರದ ತಾರತಮ್ಯವನ್ನು ಉದ್ಯೋಗದಲ್ಲಿ ನಿಷೇಧಿಸಿವೆ. ಒಂದೇ ಕಾನೂನಿನ ಕೆಳಗೆ ಬೇರೆ ಬೇರೆ ದೇಶಗಳಲ್ಲಿ ಏನೇನು ನಡೆಯುತ್ತಿದೆ ಎಂಬುದನ್ನು ಹೋಲಿಸಬಲ್ಲ ವಿಧಾನವೊಂದನ್ನು ರೂಪಿಸುವುದು ನಮ್ಮ ಪ್ರಸ್ತಾವದ ತಿರುಳಾಯಿತು.

ಪಾಲುದಾರರನ್ನು ಹುಡುಕುವ ಕೆಲಸ ನಿಯಮಗಳನ್ನು ಓದುವುದರಿಂದಲೇ ಶುರುವಾಗುತ್ತದೆ. ಕನಿಷ್ಠ ಏಳು ಸದಸ್ಯ ದೇಶಗಳವರು ಪ್ರಸ್ತಾವದಲ್ಲಿರಬೇಕು. ಅವುಗಳಲ್ಲಿ ಅರ್ಧದಷ್ಟಾದರೂ ಸಂಶೋಧನಾ ಹಣದಲ್ಲಿ ಹಿಂದುಳಿದವೆಂದು ಕಾಸ್ಟ್ ಗುರುತಿಸಿರುವ ದೇಶಗಳಾಗಿರಬೇಕು. ಪೋಲೆಂಡ್, ಹಂಗೆರಿ, ಪೋರ್ಚುಗಲ್, ಅಲ್ಬೇನಿಯಾ ಮುಂತಾದವು ಆ ಗುಂಪಿಗೆ ಸೇರುತ್ತವೆ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಿದ್ದರೂ ಕಾಸ್ಟ್‌ನಲ್ಲಿ ಪೂರ್ಣ ಸದಸ್ಯನಾಗಿಯೇ ಇದೆ. ಈ ಅರ್ಧದ ನಿಯಮವನ್ನು ಕೆಲವರು ತಲೆನೋವೆಂದು ಗೊಣಗುತ್ತಾರೆ. ನಮಗಂತೂ ಅದರಿಂದ ಲಾಭವೇ ಆಯಿತು, ಏಕೆಂದರೆ ನಮ್ಮ ವಿಷಯದಲ್ಲಿ ಅತ್ಯಂತ ಕಡಿಮೆ ತಿಳಿದಿರುವುದು ಆ ದೇಶಗಳ ಬಗ್ಗೆಯೇ.

ದೊಡ್ಡ ಹೆಸರಿನ ಪ್ರಾಧ್ಯಾಪಕರಿಗೆ ಕಳಿಸಿದ ಇಮೇಲ್‌ಗಳಿಗೆ ಹೆಚ್ಚಾಗಿ ಉತ್ತರವೇ ಬರಲಿಲ್ಲ. ಶ್ರೀಮಂತ ದೇಶವೊಂದರ ಸಂಸ್ಥೆಯವರು ತಮ್ಮ ಹೆಸರು ಹಾಕಿಕೊಳ್ಳಿ, ಆದರೆ ಬರೆಯುವುದಕ್ಕೂ ಓದುವುದಕ್ಕೂ ಕರೆಯಬೇಡಿ ಎಂದು ಸಭ್ಯವಾಗಿಯೇ ತಿಳಿಸಿದರು. ಅವರನ್ನು ಅಷ್ಟೇ ಸಭ್ಯವಾಗಿ ಕೈಬಿಟ್ಟೆವು. ನಿಜವಾದ ಪಾಲುದಾರರು ಸಿಕ್ಕಿದ್ದು ಬೇರೆ ದಾರಿಗಳಲ್ಲಿ. ಹಿಂದಿನ ಕಾಸ್ಟ್ ಜಾಲಗಳ ಸದಸ್ಯರ ಪಟ್ಟಿ ಸಾರ್ವಜನಿಕವಾಗಿಯೇ ಇರುತ್ತದೆ, ಅದನ್ನು ಕೂತು ಓದಿದೆ. ವಿಯೆನ್ನಾದಲ್ಲಿರುವ, ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆಯ ವರದಿಗಳನ್ನು ಬಿಡದೆ ಬಳಸಿಕೊಂಡು ಪ್ರಬಂಧ ಬರೆಯುವವರು ಯಾರೆಂದು ನೋಡಿದೆ. ಪ್ರತಿ ದೇಶದಲ್ಲೂ ಸಮಾನತೆಯ ದೂರುಗಳನ್ನು ನೋಡಿಕೊಳ್ಳುವ ಶಾಸನಬದ್ಧ ಸಂಸ್ಥೆಯೊಂದಿರುತ್ತದೆ, ಅವುಗಳ ಒಕ್ಕೂಟವಾದ ಈಕ್ವಿನೆಟ್ ಬ್ರಸೆಲ್ಸ್‌ನಲ್ಲಿದೆ. ಆ ವಲಯದಲ್ಲಿ ಓಡಾಡುವ ಸಂಶೋಧಕರಿಗೆ ಪುಸ್ತಕದ ಜ್ಞಾನದ ಜೊತೆಗೆ ನಿಜವಾದ ದೂರುಗಳ ಪರಿಚಯವೂ ಇರುತ್ತದೆ. ಲಿಸ್ಬನ್‌ನ ಸಮಾಜಶಾಸ್ತ್ರಜ್ಞೆ, ವಾರ್ಸಾದ ಕಾನೂನು ಪ್ರಾಧ್ಯಾಪಕ, ಬುಡಾಪೆಸ್ಟ್‌ನ ಸಂಖ್ಯಾಶಾಸ್ತ್ರಜ್ಞ, ಅಲ್ಬೇನಿಯಾದ ರಾಜಧಾನಿ ಟಿರಾನಾದ ಕಾರ್ಮಿಕ ಅರ್ಥಶಾಸ್ತ್ರಜ್ಞೆ ಹೀಗೆ ಒಬ್ಬೊಬ್ಬರಾಗಿ ಸೇರಿದರು. ಈ ದಾರಿ ಹಿಡಿಯುವವರಿಗೆ ನನ್ನ ಸಲಹೆಯೆಂದರೆ, ಮೊದಲ ಇಮೇಲ್‌ಗೆ ಉತ್ಸಾಹದಿಂದ ಉತ್ತರಿಸಿದವರಿಗಿಂತ ಮೂರನೆಯ ಇಮೇಲ್‌ಗೂ ಉತ್ತರಿಸುವವರನ್ನು ನಂಬಿ.

ಹೀಗೆ ಎಂಟು ದೇಶಗಳಾದ ಮೇಲೆ, ಬರೆಯಲು ಕೂರುವ ಮುನ್ನ, ಬುಡಾಪೆಸ್ಟ್‌ನ ಸಂಖ್ಯಾಶಾಸ್ತ್ರಜ್ಞರು ಒಂದು ಸ್ಪ್ರೆಡ್‌ಶೀಟ್ ಮಾಡಿ ಎಲ್ಲರಿಗೂ ಹಂಚಿದರು. ಅಡ್ಡಸಾಲುಗಳಲ್ಲಿ ದೇಶಗಳು, ಮೇಲೆ ಲಿಂಗ, ವಯಸ್ಸು, ಅಂಗವೈಕಲ್ಯ, ಹುಟ್ಟಿದ ದೇಶ, ತಂದೆತಾಯಿ ಹುಟ್ಟಿದ ದೇಶ, ವ್ಯಕ್ತಿಯೇ ಹೇಳಿಕೊಂಡ ಜನಾಂಗೀಯ ಮೂಲ, ಧರ್ಮ ಎಂಬ ಶೀರ್ಷಿಕೆಗಳು. ನಿಮ್ಮ ದೇಶದ ಕಂಪನಿಯೊಂದರಲ್ಲಿ ನೌಕರರಿಗೆ ಇದನ್ನು ಕೇಳಬಹುದೇ, ಕೇಳುವ ರೂಢಿಯಿದೆಯೇ ಎಂದು ಪ್ರತಿ ಕೋಶದಲ್ಲೂ ತುಂಬಬೇಕಿತ್ತು. ಕೇಳಬಹುದಾದದ್ದಕ್ಕೆ ಹಸಿರು, ಕೇಳಬಾರದ್ದಕ್ಕೆ ಕೆಂಪು, ವಕೀಲರನ್ನು ಕೇಳಿ ಹೇಳಬೇಕಾದದ್ದಕ್ಕೆ ಹಳದಿ. ಬ್ರಿಟನ್‌ನ ಸಾಲು ಮೊದಲ ದಿನವೇ ಹಸಿರಾಯಿತು. ಅಲ್ಲಿ 1991ರಿಂದ ಜನಗಣತಿಯಲ್ಲೇ ಜನಾಂಗೀಯ ಮೂಲದ ಪ್ರಶ್ನೆಯಿದೆ, ನೌಕರಿಯ ಅರ್ಜಿಯೊಂದಿಗೆ ಅದನ್ನು ಪ್ರತ್ಯೇಕ ಹಾಳೆಯಲ್ಲಿ ತುಂಬುವುದು ಜನರಿಗೆ ಅಭ್ಯಾಸವಾಗಿದೆ. ಜರ್ಮನಿಯವರು 2005ರ ಸಮೀಕ್ಷೆಯಿಂದ ಬಳಕೆಗೆ ಬಂದ ವಲಸೆ ಹಿನ್ನೆಲೆ ಎಂಬ ವರ್ಗವನ್ನು ಬರೆದರು. ತಾನಾಗಲಿ, ತಂದೆತಾಯಿಯರಲ್ಲಿ ಒಬ್ಬರಾಗಲಿ ಹುಟ್ಟಿನಿಂದ ಜರ್ಮನ್ ಪೌರರಲ್ಲದಿದ್ದರೆ ಅಂಥವರು ಅದರಲ್ಲಿ ಬರುತ್ತಾರೆ. ಮೂರು ತಲೆಮಾರಿನಿಂದ ಅಲ್ಲೇ ಇರುವ ಕಪ್ಪು ಜರ್ಮನ್ ಒಬ್ಬರು ಬರುವುದಿಲ್ಲ. ನೆದರ್ಲೆಂಡ್ಸ್‌ನ ಸಾಲನ್ನು ನಾನು ತುಂಬಿದೆ, ಅಲ್ಲಿಯೂ ಹುಟ್ಟಿದ ಸ್ಥಳಗಳೇ ಆಧಾರ.

ಫ್ರಾನ್ಸ್‌ನ ಸಾಲು ಮಾತ್ರ ವಾರಗಟ್ಟಲೆ ಹಳದಿಯಾಗಿಯೇ ಉಳಿಯಿತು. ಅಲ್ಲಿನ ಸಾಂವಿಧಾನಿಕ ಮಂಡಳಿ 2007ರ ನವೆಂಬರ್ 15ರಂದು ಕೊಟ್ಟ ನಿರ್ಣಯದಂತೆ, ಮೂಲದ ವೈವಿಧ್ಯವನ್ನು ಅಳೆಯುವ ಅಧ್ಯಯನಗಳು ಹೆಸರು, ಭೌಗೋಳಿಕ ಮೂಲ, ಹಿಂದಿನ ಪೌರತ್ವದಂಥ ವಸ್ತುನಿಷ್ಠ ಅಂಶಗಳನ್ನು ಬಳಸಬಹುದೇ ಹೊರತು ಜನಾಂಗ ಅಥವಾ ಜನಾಂಗೀಯ ಮೂಲವನ್ನೇ ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ. ಆ ಪ್ರಶ್ನೆ ಕೇಳುವುದೇ ಗಣರಾಜ್ಯದ ತತ್ವಕ್ಕೆ ವಿರುದ್ಧವೆಂದು ಫ್ರೆಂಚ್ ಪಾಲುದಾರರು ವಾದಿಸಿದರೆ, ಕೇಳದಿದ್ದರೆ ತಾರತಮ್ಯ ಕಾಣುವುದಾದರೂ ಹೇಗೆ ಎಂದು ಬ್ರಿಟನ್ನಿನವರು ಕೇಳುತ್ತಿದ್ದರು. ಬುಡಾಪೆಸ್ಟ್‌ನವರು ಮೂರನೆಯ ತೊಡಕನ್ನು ಮುಂದಿಟ್ಟರು. ಅವರ ದೇಶದಲ್ಲಿ ಕೇಳಲು ಅಡ್ಡಿಯಿಲ್ಲ, ಆದರೆ ಯುರೋಪಿನ ಅಲ್ಪಸಂಖ್ಯಾತರಾದ ರೋಮಾ ಸಮುದಾಯದ ಬಹಳ ಮಂದಿ ತಮ್ಮನ್ನು ರೋಮಾ ಎಂದು ಕಾಗದದ ಮೇಲೆ ಹೇಳಿಕೊಳ್ಳುವುದಿಲ್ಲ, ಅದಕ್ಕೆ ಅವರಿಗೆ ಸಾಕಷ್ಟು ಕಾರಣಗಳಿವೆ. ವಾರ್ಸಾದ ಪ್ರಾಧ್ಯಾಪಕರಿಗೆ ಈ ಜಗಳವೇ ಹಳೆಯದೆನಿಸಿತು. 2022ರ ಮಾರ್ಚ್‌ನಲ್ಲಿ ಯುರೋಪ್ ಯುದ್ಧದಿಂದ ತಪ್ಪಿಸಿಕೊಂಡು ಬಂದವರಿಗಾಗಿ ಮೊಟ್ಟಮೊದಲ ಬಾರಿ ತಾತ್ಕಾಲಿಕ ರಕ್ಷಣೆಯ ನಿರ್ದೇಶನವನ್ನು ಜಾರಿಗೊಳಿಸಿದ ಮೇಲೆ ಪೋಲೆಂಡಿನ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಉಕ್ರೇನಿಯನ್ನರು ನಮ್ಮ ಯಾವ ಶೀರ್ಷಿಕೆಯ ಕೆಳಗೆ ಬರುತ್ತಾರೆಂದು ಅವರು ಪದೇ ಪದೇ ಕೇಳಿದರು.

ಈ ಕೋಷ್ಟಕ ತುಂಬಿದ ವಾರಗಳಲ್ಲಿ ನಾನು ಹಲವು ಸಲ ಕೈಚೆಲ್ಲುವ ಸ್ಥಿತಿಗೆ ಬಂದಿದ್ದೆ. ಆದರೂ ಪಾಲುದಾರಿಕೆ ನಿಜವಾಗಿ ಆದದ್ದು ಅಲ್ಲಿಯೇ ಎಂದು ಈಗ ಖಚಿತವಾಗಿ ಹೇಳಬಲ್ಲೆ. ವಿಷಯದ ಮೇಲೆ ಎಲ್ಲರೂ ಸುಲಭವಾಗಿ ಒಪ್ಪುತ್ತಾರೆ, ತಾರತಮ್ಯ ಕೆಟ್ಟದ್ದೆಂದು ಹೇಳದ ಸಂಶೋಧಕರು ಯಾರಿದ್ದಾರೆ? ಯಾರನ್ನು ಯಾವ ಹೆಸರಿನಲ್ಲಿ ಎಣಿಸಬಹುದೆಂಬಲ್ಲಿ ಒಪ್ಪಂದವಿಲ್ಲದಿದ್ದರೆ ಎರಡನೆಯ ವರ್ಷದಲ್ಲಿ ಜಾಲ ಹರಿಯುತ್ತದೆ. ಆದ್ದರಿಂದ ಒಂದು ಸಾಲು ಪ್ರಸ್ತಾವ ಬರೆಯುವ ಮೊದಲೇ ಇಂಥ ಕೋಷ್ಟಕವನ್ನು ತುಂಬಿಸಿ. ಯುರೋಪಿಯನ್ ಒಕ್ಕೂಟದ ದತ್ತಾಂಶ ರಕ್ಷಣೆಯ ನಿಯಮದ (ಜಿಡಿಪಿಆರ್) 9ನೆಯ ವಿಧಿಯನ್ನು ಎದುರಿಗಿಟ್ಟುಕೊಂಡೇ ತುಂಬಿಸಿ. ಜನಾಂಗೀಯ ಮೂಲ, ಧರ್ಮ, ಆರೋಗ್ಯ, ಕಾರ್ಮಿಕ ಸಂಘದ ಸದಸ್ಯತ್ವಗಳೆಲ್ಲ ಅದರಲ್ಲಿ ವಿಶೇಷ ರಕ್ಷಣೆಯ ಮಾಹಿತಿಗಳು.

ಕೋಷ್ಟಕದಲ್ಲಿ ಇನ್ನೊಂದು ಶೀರ್ಷಿಕೆ ಸೇರಿಸಬೇಕೆಂದು ಕೇಳಿದವಳು ನಾನು, ಅದು ಜಾತಿ. ಯುರೋಪಿನ ನಿರ್ದೇಶನಗಳಲ್ಲಿ ಜಾತಿಯ ಪ್ರಸ್ತಾಪವಿಲ್ಲ. ಬ್ರಿಟನ್‌ನಲ್ಲಿ ಮಾತ್ರ ಇದರ ಚರಿತ್ರೆಯಿದೆ: 2010ರ ಸಮಾನತಾ ಕಾಯ್ದೆಯಲ್ಲಿ ಜಾತಿಯನ್ನು ಸೇರಿಸಬೇಕೆಂದು 2013ರಲ್ಲಿ ಸಂಸತ್ತು ಸರ್ಕಾರಕ್ಕೆ ವಿಧಿಸಿತು, ಮನೆಗೆಲಸದ ಮಹಿಳೆಯೊಬ್ಬರ ಪ್ರಕರಣದಲ್ಲಿ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ 2014ರಲ್ಲಿ, ಜಾತಿ ಕೆಲವು ಸಂದರ್ಭಗಳಲ್ಲಿ ಜನಾಂಗೀಯ ಮೂಲದ ಅರ್ಥದೊಳಗೆ ಬರಬಹುದೆಂದು ಹೇಳಿತು, 2018ರಲ್ಲಿ ಸರ್ಕಾರ ಆ ತೀರ್ಪೇ ಸಾಕು, ಹೊಸ ಕಾನೂನು ಬೇಡ ಎಂದು ತೀರ್ಮಾನಿಸಿತು. ಉಳಿದ ಪಾಲುದಾರರಿಗೆ ಇದು ಭಾರತದ ಸಮಸ್ಯೆಯಂತೆ ಕಂಡಿತು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದ ಖಾಸಗಿ ಕಂಪನಿಗಳಿಗೆ ಇದೇ ಬಗೆಯ ಅರ್ಜಿಗಳನ್ನು ಕಳಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಅವರ ಮುಂದಿಟ್ಟೆ. ಒಂದೇ ಅರ್ಹತೆಯಿದ್ದರೂ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಎಂಬುದು ಅದರಲ್ಲಿ ತಿಳಿದುಬಂದಿತ್ತು.

ಬುಡಾಪೆಸ್ಟ್‌ನವರ ಆಕ್ಷೇಪಣೆ ಸರಿಯಾಗಿತ್ತು. ಐಂಧೋವನ್‌ನ ಡಚ್ ವ್ಯವಸ್ಥಾಪಕರೊಬ್ಬರಿಗೆ ಬಡಿಗೇರ, ಪತ್ತಾರ, ಮಡಿವಾಳರ ಎಂಬ ಹೆಸರುಗಳಿಂದ ಏನೂ ತಿಳಿಯುವುದಿಲ್ಲ, ಹಾಗಿದ್ದ ಮೇಲೆ ಅರ್ಜಿ ಪ್ರಯೋಗದಿಂದ ನೀವು ಏನನ್ನು ಅಳೆಯುತ್ತೀರಿ ಎಂದು ಅವರು ಕೇಳಿದರು. ಡಚ್ ವ್ಯವಸ್ಥಾಪಕರಿಗೆ ತಿಳಿಯದಿರುವುದು ಅದೇ ತಂಡದ ಭಾರತೀಯ ಮೇಲ್ವಿಚಾರಕರಿಗೆ ಅರೆಕ್ಷಣದಲ್ಲಿ ತಿಳಿಯುತ್ತದೆ ಎಂಬುದು ನನ್ನ ಉತ್ತರವಾಗಿತ್ತು. ಶಿಫಾರಸಿನ ಮೇಲೆ ನಡೆಯುವ ನೇಮಕಾತಿಯಲ್ಲಿ, ತಂಡದೊಳಗಿನ ಕೆಲಸದ ಹಂಚಿಕೆಯಲ್ಲಿ ಅದು ಕೆಲಸ ಮಾಡಬಹುದು. ಅದನ್ನು ಹಿಡಿಯಲು ಅರ್ಜಿ ಸಾಲದು, ಸಂದರ್ಶನಗಳು ಬೇಕು. ಕೊನೆಗೆ ಜಾತಿಗೆ ಪ್ರತ್ಯೇಕ ಕಾರ್ಯತಂಡ ಸಿಗಲಿಲ್ಲ. ಕಾನೂನು ಹೆಸರಿಸದ ತಾರತಮ್ಯಗಳು ಎಂಬ ಕಾರ್ಯತಂಡದಲ್ಲಿ ವರ್ಗ, ಭಾಷೆಯ ಉಚ್ಚಾರಗಳ ಜೊತೆಗೆ ಅದಕ್ಕೊಂದು ಪ್ಯಾರಾ ಸಿಕ್ಕಿತು. ನನಗೆ ಅದರಿಂದ ಪೂರ್ತಿ ಸಮಾಧಾನವಾಗಿದೆ ಎಂದು ಹೇಳಲಾರೆ.

ಬರವಣಿಗೆಯ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಖ್ಯ ಪಠ್ಯಕ್ಕೆ ಹದಿನೈದು ಪುಟಗಳ ಮಿತಿ. ಮೌಲ್ಯಮಾಪಕರಿಗೆ ನಾವು ಯಾರೆಂದು ತಿಳಿಯಬಾರದು, ನಮಗೂ ಅವರು ಯಾರೆಂದು ತಿಳಿಯುವುದಿಲ್ಲ. ಪಠ್ಯದಲ್ಲಿ ಪಾಲುದಾರರ ಹೆಸರು, ಸಂಸ್ಥೆ, ಗುರುತು ಹಿಡಿಯಬಹುದಾದ ಸುಳಿವು ಯಾವುದೂ ಉಳಿಯಬಾರದು. ಉಳಿದರೆ ಓದದೆಯೇ ತಿರಸ್ಕರಿಸಬಹುದು. ನಮ್ಮ ಹಿಂದಿನ ಅಧ್ಯಯನ ಎಂಬಂಥ ಮಾತುಗಳನ್ನು ಹುಡುಕಿ ಹುಡುಕಿ ತೆಗೆದೆವು, ಕಡತದ ಗುಣಲಕ್ಷಣಗಳಲ್ಲಿ ತಾನಾಗಿ ಕೂತಿದ್ದ ಲೇಖಕರ ಹೆಸರನ್ನೂ ಅಳಿಸಿದೆವು. ಧಾರವಾಡದಲ್ಲಿ ನನಗೆ ಪಾಠ ಹೇಳಿದ ಗುರುಗಳಿಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಅವರು ನಕ್ಕರು. "ಚಲೋ ಆತು ಬಿಡವಾ, ಹೆಸರು ನೋಡದ ಅರ್ಜಿ ಓದವರು ಎಲ್ಲೋ ಒಂದ್ಕಡೆ ಅದಾರಲ್ಲ. ನಮ್ಮಲ್ಲಿ ಅಡ್ಡಹೆಸರು ನೋಡಿದ ಮ್ಯಾಲೇ ಅರ್ಜಿ ಬಿಚ್ಚತಾರ." ಈ ಕೆಲಸದಿಂದ ಸಮಾಜಕ್ಕೇನು ಪ್ರಯೋಜನ ಎಂದು ಬರೆಯಬೇಕಾದ ಪ್ರಭಾವದ ವಿಭಾಗದಲ್ಲಿ ನಮಗೆ ನೆರವಾದದ್ದು ಹೊಸ ಕಾನೂನುಗಳು. ವೇತನ ಪಾರದರ್ಶಕತೆಯ 2023ರ ನಿರ್ದೇಶನವನ್ನೂ, ಸಮಾನತಾ ಸಂಸ್ಥೆಗಳನ್ನು ಬಲಪಡಿಸುವ 2024ರ ಎರಡು ನಿರ್ದೇಶನಗಳನ್ನೂ ಸದಸ್ಯ ದೇಶಗಳು 2026ರ ಜೂನ್‌ನೊಳಗೆ ತಮ್ಮ ಕಾನೂನಿಗೆ ತರಬೇಕೆಂದು ಗಡುವು ನಿಗದಿಯಾಗಿತ್ತು. ಬ್ರಸೆಲ್ಸ್ ಪ್ರಾಂತ್ಯದಲ್ಲಿ 2018ರಿಂದ ಕಾರ್ಮಿಕ ತನಿಖಾಧಿಕಾರಿಗಳೇ ಗುರುತು ಹೇಳದೆ ಅರ್ಜಿ ಪರೀಕ್ಷೆ ನಡೆಸಬಹುದು ಎಂಬುದನ್ನೂ ಉದಾಹರಣೆಯಾಗಿ ಕೊಟ್ಟೆವು.

ಖರ್ಚಿನ ಬಗ್ಗೆ ಬಹಳ ಜನ ಮೊದಲೇ ಹೇಳುವುದಿಲ್ಲ. ಮಂಜೂರಾತಿಗೆ ಮುಂಚಿನ ಯಾವ ಪ್ರಯಾಣಕ್ಕೂ ಕಾಸ್ಟ್ ಹಣ ಕೊಡುವುದಿಲ್ಲ. ಬ್ರಸೆಲ್ಸ್‌ಗೆ ರೈಲಿನಲ್ಲಿ ಹೋಗಿಬಂದದ್ದಕ್ಕೆ ವಿಭಾಗ ಹಣ ಕೊಟ್ಟಿತು, ಲಂಡನ್ ಸಭೆಯದ್ದನ್ನು ನಾನೇ ಭರಿಸಿದೆ. ಡಚ್ ನಿವಾಸ ಪರವಾನಗಿ, ಯುರೋಪಿನಲ್ಲಿ ಒಂದೇ ವೀಸಾದ ಮೇಲೆ ಓಡಾಡಬಹುದಾದ ಶೆಂಗೆನ್ ದೇಶಗಳಿಗೆ ಸಾಕು, ಬ್ರಿಟನ್‌ಗೆ ಸಾಲದು. ಗುಂಪಿನಲ್ಲಿ ವೀಸಾ ಬೇಕಾದದ್ದು ನನಗೆ ಮತ್ತು ಟಿರಾನಾದ ಗೆಳತಿಗೆ ಮಾತ್ರ. ನೂರು ಪೌಂಡಿಗೂ ಮೀರಿದ ಶುಲ್ಕ, ಬೆರಳಚ್ಚು, ಮೂರು ತಿಂಗಳ ಬ್ಯಾಂಕ್ ವಿವರ, ಪಾಸ್‌ಪೋರ್ಟ್ ವಾಪಸು ಬರುವ ತನಕ ಬೇರೆಲ್ಲೂ ಹೋಗದಂತೆ ಕೂತ ಕಾಯುವಿಕೆ ಎಲ್ಲವೂ ನಮ್ಮಿಬ್ಬರ ಪಾಲಿಗೆ. ಅಸಮಾನತೆಯನ್ನು ಅಧ್ಯಯನ ಮಾಡುವವರ ಸಭೆಯ ಸ್ಥಳವನ್ನು ಆರಿಸುವಾಗಲಾದರೂ ಯಾರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆಯೆಂದು ಕೇಳಬೇಕೆಂದು ನಾವಿಬ್ಬರೂ ಅಲ್ಲಿ ಹೇಳಿದೆವು. ಮುಂದಿನ ಸಭೆಗಳೆಲ್ಲ ಶೆಂಗೆನ್ ಒಳಗೆ ಅಥವಾ ಟಿರಾನಾದಲ್ಲೇ ನಡೆಯಬೇಕೆಂದು ತೀರ್ಮಾನವಾಯಿತು.

ಅಕ್ಟೋಬರ್‌ನಲ್ಲಿ ಗಡುವಿನ ದಿನ ಮಧ್ಯಾಹ್ನ ಹನ್ನೆರಡರೊಳಗೆ ಪ್ರಸ್ತಾವ ಹೋಗಬೇಕು. ಹೊರೈಝನ್‌ನ ಸಂಜೆ ಐದರ ರೂಢಿಯಲ್ಲಿರುವವರು ಇದನ್ನು ಗಮನಿಸಿ. ಆಮೇಲೆ ಮುಂದಿನ ಬೇಸಿಗೆಯವರೆಗೆ ಮೌನ. ಮೊದಲು ಹೊರಗಿನ ತಜ್ಞರು, ಆಮೇಲೆ ಪರಿಶೀಲನಾ ಮಂಡಳಿ, ಅದರ ಮೇಲೆ ವೈಜ್ಞಾನಿಕ ಸಮಿತಿ, ಕೊನೆಗೆ ಸದಸ್ಯ ದೇಶಗಳ ಹಿರಿಯ ಅಧಿಕಾರಿಗಳ ಸಮಿತಿ ಹೀಗೆ ಕಡತ ಮೇಲೇರುತ್ತದೆ. ನನ್ನ ಕರಾರು ಮುಗಿಯುವ ದಿನಾಂಕವೂ ಆ ತಿಂಗಳುಗಳಲ್ಲೇ ಹತ್ತಿರವಾಗುತ್ತಿತ್ತು. ಪ್ರಸ್ತಾವ ಗೆದ್ದರೂ ಅದರಿಂದ ಸಂಬಳ ಬರುವುದಿಲ್ಲವೆಂಬುದು ಊರಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. "ಹಂಗಾರ ಗೆದ್ದಿದ್ದಾದ್ರೂ ಏನು?" ಎಂದು ಅವ್ವ ಕೇಳಿದ್ದಕ್ಕೆ ಚುಟುಕಾದ ಉತ್ತರ ನನ್ನಲ್ಲಿ ಇರಲಿಲ್ಲ. ವಿಭಾಗ ಒಂದು ವರ್ಷದ ವಿಸ್ತರಣೆ ಕೊಟ್ಟದ್ದರಿಂದ ಆ ಚಿಂತೆ ಸದ್ಯಕ್ಕೆ ಮುಂದಕ್ಕೆ ಹೋಗಿದೆ.

ಗೆದ್ದ ಮೇಲಿನ ತೊಡಕುಗಳನ್ನು ಯಾರೂ ನನಗೆ ಹೇಳಿರಲಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪ್ರಸ್ತಾವ ಬರೆದವರು ತಾವಾಗಿಯೇ ಜಾಲವನ್ನು ನಡೆಸುವವರಾಗುವುದಿಲ್ಲ. ಪ್ರತಿ ದೇಶ ಒಪ್ಪಂದಕ್ಕೆ ಸಮ್ಮತಿಸಿ, ಆ ದೇಶದ ರಾಷ್ಟ್ರೀಯ ಸಂಯೋಜಕರು ನಿರ್ವಹಣಾ ಸಮಿತಿಗೆ ಇಬ್ಬರವರೆಗೆ ಸದಸ್ಯರನ್ನು ನಾಮನಿರ್ದೇಶನ ಮಾಡುತ್ತಾರೆ. ಪ್ರಸ್ತಾವದ ದುಡಿಮೆಯಲ್ಲಿ ಹಗಲಿರುಳು ಇದ್ದ ನಮ್ಮ ಪಾಲುದಾರರೊಬ್ಬರ ದೇಶದಲ್ಲಿ, ಈ ವಿಷಯಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬರು ಮೊದಲೇ ಆಸಕ್ತಿ ತೋರಿಸಿ ಒಂದು ಸ್ಥಾನ ಪಡೆದಿದ್ದರು. ಫಲಿತಾಂಶ ಬಂದ ದಿನವೇ ಎಲ್ಲ ಪಾಲುದಾರರೂ ತಮ್ಮ ಸಂಯೋಜಕರಿಗೆ ಬರೆಯುವುದು ಒಳ್ಳೆಯದು. ಅಧ್ಯಕ್ಷರು ಯಾರು, ಹಣ ನಿರ್ವಹಿಸುವ ಸಂಸ್ಥೆ ಯಾವುದು ಎಂಬುದೂ ನಿರ್ವಹಣಾ ಸಮಿತಿಯ ಮೊದಲ ಸಭೆಯ ಮತದಿಂದಲೇ ತೀರ್ಮಾನವಾಗುತ್ತದೆ. ನನ್ನ ಕರಾರಿನ ಅವಧಿಯನ್ನು ನೋಡಿ ಹಣದ ಹೊಣೆಯನ್ನು ಲಿಸ್ಬನ್‌ಗೆ ವಹಿಸಿದೆವು, ಅಧ್ಯಕ್ಷಳಾಗಿ ಸಮಿತಿ ನನ್ನನ್ನು ಆರಿಸಿತು.

ಇನ್ನು ಭಾರತದವರ ಪ್ರಶ್ನೆ. ಏಳು ದೇಶಗಳ ಲೆಕ್ಕಕ್ಕೆ ಭಾರತ ಸೇರುವುದಿಲ್ಲ, ನಿರ್ವಹಣಾ ಸಮಿತಿಯಲ್ಲಿ ಮತವೂ ಇರುವುದಿಲ್ಲ. ಆದರೆ ಕಾರ್ಯತಂಡಗಳಲ್ಲಿ ಪಾಲ್ಗೊಳ್ಳಲು ಅವಕಾಶವಿದೆ. ಅದಕ್ಕೆ ಇ-ಕಾಸ್ಟ್ ಜಾಲತಾಣದಲ್ಲಿ ಖಾತೆ ತೆರೆದು, ನಿಮ್ಮ ಕೆಲಸ ನಮ್ಮ ಯಾವ ಕಾರ್ಯತಂಡಕ್ಕೆ ಹೊಂದುತ್ತದೆಂದು ಬರೆದು ಅರ್ಜಿ ಹಾಕಬೇಕು. ಸಭೆಗೆ ಬಂದವರು ಮೊದಲು ತಾವೇ ಖರ್ಚು ಮಾಡಿ ಆಮೇಲೆ ಹಣ ವಾಪಸು ಪಡೆಯುವುದು ಇಲ್ಲಿನ ಕ್ರಮ, ಹೊರದೇಶದವರಿಗೆ ಅದರ ನಿಯಮಗಳು ಬೇರೆ. ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಹಣ ನಿರ್ವಹಿಸುವ ಸಂಸ್ಥೆಯಿಂದ ಲಿಖಿತ ಉತ್ತರ ತರಿಸಿಕೊಳ್ಳಿ. ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಶುಲ್ಕ 2024ರ ಜೂನ್‌ನಿಂದ 90 ಯೂರೊ. ಆಹ್ವಾನ ಪತ್ರದಲ್ಲಿ ಸಭೆಯ ದಿನಾಂಕ, ವಿಳಾಸ, ಖರ್ಚು ಯಾರು ಭರಿಸುತ್ತಾರೆ ಎಂಬ ಮೂರೂ ಸ್ಪಷ್ಟವಾಗಿರಲಿ. ನಮ್ಮ ಗುರುಗಳಿಗೆ ಅಂಥ ಪತ್ರವನ್ನು ಕಳೆದ ವಾರ ಕಳಿಸಿದ್ದೇನೆ. ಕಾನೂನು ಹೆಸರಿಸದ ತಾರತಮ್ಯಗಳ ಕಾರ್ಯತಂಡದ ಮೊದಲ ಸಭೆ ಲಿಸ್ಬನ್‌ನಲ್ಲಿ ನಡೆಯಲಿದೆ, ಅಡ್ಡಹೆಸರುಗಳ ಬಗ್ಗೆ ಅಲ್ಲಿ ಮಾತಾಡಲು ಅವರು ಒಪ್ಪಿದ್ದಾರೆ.